ಹದಿಹರೆಯದ ಮಕ್ಕಳ ಮೈಚಟುವಟಿಕೆ: ನೂರಕ್ಕೆ 74 ಮತ್ತು ನೂರಕ್ಕೆ 25ರ ನಡುವೆ

ನಮ್ಮ ದೇಶದ ಹದಿಹರೆಯದ ಮಕ್ಕಳಲ್ಲಿ ಸಾಲುವಷ್ಟು ಮೈ ದಣಿಸದವರು ಎಷ್ಟು ಮಂದಿ? ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು 2019ರ ನವೆಂಬರ್‌ನಲ್ಲಿ ಹೊರತಂದ ಅಧ್ಯಯನದ ಪ್ರಕಾರ 11ರಿಂದ 17 ವರ್ಷದ ಶಾಲಾ ಮಕ್ಕಳಲ್ಲಿ ನೂರಕ್ಕೆ 74. ಇದು 2016ರ ಲೆಕ್ಕ. ನಮ್ಮದೇ ರಾಷ್ಟ್ರೀಯ ಅಸಾಂಕ್ರಾಮಿಕ ರೋಗಗಳ ನಿಗಾ ಸಮೀಕ್ಷೆಯವರು 2017–18ರಲ್ಲಿ 15ರಿಂದ 17 ವರ್ಷದವರನ್ನು ಮನೆಮನೆಗೆ ಹೋಗಿ ಕೇಳಿದಾಗ ಸಿಕ್ಕಿದ್ದು ನೂರಕ್ಕೆ 25. ದೇಶ ಒಂದೇ, ಕಾಲವೂ ಹೆಚ್ಚುಕಡಿಮೆ ಒಂದೇ. ಉತ್ತರ ಮಾತ್ರ ಮೂರು ಪಟ್ಟು ಬೇರೆ.

ಎರಡೂ ಕಡೆ ಕೆಲಸ ಬಲ್ಲವರೇ ಇದ್ದರು. ಯಾರೂ ಸುಳ್ಳು ಲೆಕ್ಕ ಬರೆದಿಲ್ಲ. ಕೇಳಿದ ಪ್ರಶ್ನೆ ಬೇರೆ, ಕೇಳಿಸಿಕೊಂಡ ಮಕ್ಕಳು ಬೇರೆ, ಕೂಡಿಸಿದ ಬಗೆಯೂ ಬೇರೆ. ಪತ್ರಿಕೆಗಳಲ್ಲಿ ಮೊದಲ ಸಂಖ್ಯೆ ದೊಡ್ಡ ಅಕ್ಷರದಲ್ಲಿ ಬರುತ್ತದೆ, ಬೆನ್ನಿಗೇ ‘ಈಗಿನ ಮಕ್ಕಳು ಸೋಮಾರಿಗಳು’ ಎಂಬ ಮಾತೂ ಬರುತ್ತದೆ. ಯಾವ ಅಳತೆಗೋಲು ಹಿಡಿದು ಅಳೆದರು ಎಂದು ಕೇಳುವವರು ಕಡಿಮೆ. ಈ ಬರಹ ಆ ಅಳತೆಗೋಲುಗಳ ಬಗ್ಗೆ.

ಒಂದೇ ಪ್ರಶ್ನೆಯ ಮೇಲೆ ನಿಂತ ಲೆಕ್ಕ

ಜಾಗತಿಕ ಅಧ್ಯಯನ ದೊಡ್ಡದೇ: 146 ದೇಶ, 298 ಸಮೀಕ್ಷೆ, 16 ಲಕ್ಷ ಮಕ್ಕಳು. ಜಗತ್ತಿನ ಒಟ್ಟು ಲೆಕ್ಕ ನೂರಕ್ಕೆ 81 ಎಂದು ಬಂತು. ಆದರೆ ಇಂಥ ಶಾಲಾ ಸಮೀಕ್ಷೆಗಳಲ್ಲಿ ಬಹುಪಾಲು ಭಾರ ಹೊರುವುದು ಒಂದೇ ಒಂದು ಪ್ರಶ್ನೆ: ಕಳೆದ 7 ದಿನಗಳಲ್ಲಿ ಎಷ್ಟು ದಿನ ನೀನು ಒಟ್ಟು 60 ನಿಮಿಷಕ್ಕೆ ಕಡಿಮೆಯಾಗದಂತೆ ದೈಹಿಕ ಚಟುವಟಿಕೆ ಮಾಡಿದೆ? 0ಯಿಂದ 7ರವರೆಗೆ ಎಂಟು ಆಯ್ಕೆ. 7ಕ್ಕೆ ಗುರುತು ಹಾಕಿದವರು ‘ಸಾಕಷ್ಟು’, 6 ಎಂದವರೂ ‘ಸಾಲದು’ ಗುಂಪಿಗೆ.

ಹದಿಮೂರು ವರ್ಷದ ಹುಡುಗ ಈ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಬೇಕಾದರೆ ಏನೆಲ್ಲ ಮಾಡಬೇಕು ನೋಡಿ. ಒಂದು ವಾರ ಹಿಂದಕ್ಕೆ ಹೋಗಬೇಕು. ಒಂದೊಂದು ದಿನದಲ್ಲೂ ಅಲ್ಲಲ್ಲಿ ಚದುರಿದ ಹತ್ತು ನಿಮಿಷ, ಐದು ನಿಮಿಷಗಳನ್ನು ಹೆಕ್ಕಬೇಕು. ಕೂಡಿಸಿ 60ರ ಪಕ್ಕ ಇಟ್ಟು ನೋಡಬೇಕು. ಹೀಗೆ ಏಳು ಸಲ. ಯಾರೂ ಹಾಗೆ ಮಾಡುವುದಿಲ್ಲ. ‘ನಾನು ಆಡುವ ಹುಡುಗನೋ ಅಲ್ಲವೋ’ ಎಂದು ಒಂದು ಅಂದಾಜು ಹಾಕಿ ಒಂದು ಅಂಕಿಗೆ ಸುತ್ತು ಹಾಕುತ್ತಾರೆ.

ಕನ್ನಡಕ್ಕೆ ಬಂದಾಗ ಇನ್ನೊಂದು ತೊಡಕು. ‘ದೈಹಿಕ’ ಎಂದ ಕೂಡಲೇ ಮಗುವಿನ ಮನಸ್ಸಿಗೆ ಬರುವುದು ದೈಹಿಕ ಶಿಕ್ಷಣದ ಪೀರಿಯಡ್ಡು, ಪಿ.ಟಿ. ಮೇಷ್ಟ್ರು, ಸೀಟಿ. ಪ್ರಶ್ನೆಗೆ ಮುಂಚೆ ಒಂದು ವಿವರಣೆ ಇರುತ್ತದೆ ನಿಜ: ಎದೆಬಡಿತ ಏರಿಸುವ, ಆಗಾಗ ಏದುಸಿರು ತರಿಸುವ ಯಾವುದೂ ಚಟುವಟಿಕೆಯೇ ಎಂದು. ಆದರೆ ಉದಾಹರಣೆಗಳು ಓಟ, ಚುರುಕು ನಡಿಗೆ, ಸೈಕಲ್, ಕುಣಿತ, ಫುಟ್‌ಬಾಲ್. ಬಾವಿಯಿಂದ ನೀರು ಸೇದುವುದು, ಹುಲ್ಲಿನ ಹೊರೆ ಹೊರುವುದು, ಕಲ್ಲಿಗೆ ಬಟ್ಟೆ ಒಗೆಯುವುದು ಆ ಪಟ್ಟಿಯಲ್ಲಿ ಇಲ್ಲ. ದಿನಾ ಇವನ್ನು ಮಾಡುವ ಹುಡುಗಿ ‘ನಾನು ಆಟ ಆಡಲ್ಲ’ ಎಂದುಕೊಂಡು 0ಗೆ ಸುತ್ತು ಹಾಕಿದರೆ ಅವಳ ತಪ್ಪಲ್ಲ. ಭಾರತ ಮತ್ತು ಬಾಂಗ್ಲಾದೇಶದ ಹುಡುಗಿಯರು ಬೇರೆ ದೇಶಗಳವರಿಗಿಂತ ವಾಸಿ ಎಂದು ಕಂಡಾಗ, ಮನೆಗೆಲಸ ಕಾರಣವಿರಬಹುದು ಎಂದು ಅಧ್ಯಯನ ಮಾಡಿದವರೇ ಊಹಿಸಿದ್ದರು. ಮನೆಗೆಲಸವನ್ನು ಹೆಸರಿಸಿ ಕೇಳದೆ ಆ ಊಹೆ ಸರಿಯೋ ತಪ್ಪೋ ಹೇಳುವಂತಿಲ್ಲ.

2017–18ರ ನಮ್ಮ ಸಮೀಕ್ಷೆ ಹಿಡಿದದ್ದು ಬೇರೆ ದಾರಿ. ಅಲ್ಲಿ ಬಳಸಿದ ಜಾಗತಿಕ ಚಟುವಟಿಕೆ ಪ್ರಶ್ನಾವಳಿ ಕೆಲಸ, ಓಡಾಟ, ಬಿಡುವಿನ ಆಟ ಮೂರನ್ನೂ ಬಿಡಿಬಿಡಿಯಾಗಿ ಕೇಳುತ್ತದೆ. ವಾರಕ್ಕೆ ಎಷ್ಟು ದಿನ, ದಿನಕ್ಕೆ ಎಷ್ಟು ಹೊತ್ತು ಎಂದು ಬರೆದುಕೊಂಡು ಕೊನೆಗೆ ಕೂಡಿಸುತ್ತದೆ. ಹೊಲ, ಕೂಲಿ, ಮನೆಗೆಲಸ, ಬಸ್ ಸ್ಟಾಪಿನವರೆಗಿನ ನಡಿಗೆ ಎಲ್ಲ ಒಳಗೆ ಬರುತ್ತವೆ. ಜೊತೆಗೆ ಮನೆಗೆ ಹೋಗಿ ಕೇಳಿದ್ದರಿಂದ ಶಾಲೆ ಬಿಟ್ಟು ದುಡಿಯುತ್ತಿರುವ ಹದಿನಾರರ ಹುಡುಗನೂ ಸಿಕ್ಕಿದ. ಶಾಲೆಯಲ್ಲೇ ಕೂತು ನಡೆಸುವ ಸಮೀಕ್ಷೆಗೆ ಅವನು ಕಾಣುವುದೇ ಇಲ್ಲ. 2007ರಲ್ಲಿ ಭಾರತದಲ್ಲಿ ನಡೆದ ಜಾಗತಿಕ ಶಾಲಾ ಆರೋಗ್ಯ ಸಮೀಕ್ಷೆಯಂತೂ ಸಿಬಿಎಸ್‌ಇ ಶಾಲೆಗಳಿಗೆ ಸೀಮಿತವಾಗಿತ್ತು. ಹಾಗೆಂದು ಈ ದಾರಿಯೂ ನಿರ್ದೋಷಿಯಲ್ಲ. ಬಿಡಿಬಿಡಿಯಾಗಿ ಕೇಳಿದಷ್ಟೂ ಉತ್ತರ ಉಬ್ಬುತ್ತದೆ. ‘ದಿನಕ್ಕೆ ಎರಡು ಗಂಟೆ ಹೊಲದಲ್ಲಿ’ ಎಂದವನು ಆ ಎರಡು ಗಂಟೆಯಲ್ಲಿ ಬದುವಿನ ಮೇಲೆ ಕೂತ ಹೊತ್ತನ್ನು ಕಳೆದಿರುವುದಿಲ್ಲ. ನಿಜ 25 ಮತ್ತು 74ರ ನಡುವೆ ಎಲ್ಲೋ ಇದೆ ಎಂಬುದು ನಮ್ಮ ಅಂದಾಜು.

ಪ್ರತಿದಿನವೋ ಸರಾಸರಿಯೋ

2010ರ ಮಾರ್ಗಸೂಚಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದವರಿಗೆ ದಿನಕ್ಕೆ ಕನಿಷ್ಠ 60 ನಿಮಿಷ ಎಂದಿತ್ತು. 2020ರಲ್ಲಿ ಅದು ವಾರದುದ್ದಕ್ಕೂ ದಿನಕ್ಕೆ ಸರಾಸರಿ 60 ನಿಮಿಷ ಎಂದಾಯಿತು. ಜೊತೆಗೆ ವಾರಕ್ಕೆ ಮೂರು ದಿನವಾದರೂ ಏದುಸಿರು ಬರುವ ಆಟ ಮತ್ತು ಸ್ನಾಯು-ಮೂಳೆ ಗಟ್ಟಿ ಮಾಡುವ ಕಸರತ್ತು ಇರಬೇಕು. ಲೆಕ್ಕಕ್ಕೆ ಬರುವುದು ಮಧ್ಯಮ ಮತ್ತು ಅದಕ್ಕೂ ಮೇಲಿನ ಬಿರುಸು ಮಾತ್ರ. ಮಾತಾಡಬಹುದು ಆದರೆ ಹಾಡಲಾಗದು ಎಂಬಷ್ಟು ಉಸಿರು ಏರಿದರೆ ಮಧ್ಯಮ. ಇಲ್ಲಿಂದ ಮುಂದೆ ಇವೆರಡನ್ನೂ ಸೇರಿಸಿ ‘ಬಿರುಸು’ ಎನ್ನೋಣ.

‘ಸರಾಸರಿ’ ಎಂಬ ಒಂದು ಪದ ಎಷ್ಟು ಮಕ್ಕಳನ್ನು ಗೆರೆಯ ಆಚೆ ದಾಟಿಸುತ್ತದೆ ಎನ್ನಲು ಒಂದು ವಾರ ಸಾಕು. ಒಬ್ಬಳ ಬಿರುಸಿನ ನಿಮಿಷಗಳು ಸೋಮವಾರದಿಂದ ಹೀಗಿವೆ ಎನ್ನಿ: 40, 50, 90, 100, 45, 70, 60. ಒಟ್ಟು 455, ದಿನಕ್ಕೆ 65. ಹೊಸ ಗೆರೆಯನ್ನು ಅವಳು ದಾಟಿದಳು. ಹಳೆಯ ಪ್ರಶ್ನೆಗೆ ನಿಜ ಹೇಳಿದರೆ ‘4 ದಿನ’ ಎನ್ನಬೇಕು, ಹಾಗೆಂದರೆ ಅವಳು ‘ಸಾಲದು’ ಗುಂಪಿಗೆ ಸೇರುತ್ತಾಳೆ. ಅವಳ ವಾರದಲ್ಲಿ ಒಂದು ನಿಮಿಷವೂ ಬದಲಾಗಿಲ್ಲ. ಪ್ರತಿದಿನದ ಗೆರೆಯಿಟ್ಟು ಬಂದ ವರದಿಯನ್ನು ಸರಾಸರಿಯ ಗೆರೆಯಿಟ್ಟು ಬಂದ ವರದಿಯ ಪಕ್ಕ ಇಟ್ಟು ‘ಸುಧಾರಣೆ’ ಎಂದು ಹೇಳುವವರನ್ನು ನಂಬಬೇಡಿ.

ಕಾಲದಿಂದ ಕಾಲಕ್ಕೆ ಹೋಲಿಸಲು ಕೋಲು ಒಂದೇ ಇರಬೇಕು. ಆ ಜಾಗತಿಕ ಅಧ್ಯಯನದ ನಿಜವಾದ ಬೆಲೆ ಇರುವುದು ಇಲ್ಲೇ. ಒಂದೇ ಗೆರೆಯಿಂದ ಅದು 2001 ಮತ್ತು 2016 ಎರಡನ್ನೂ ಅಳೆಯಿತು. ಗೆರೆ ಮುಟ್ಟದ ಹುಡುಗರು ನೂರಕ್ಕೆ 80.1ರಿಂದ 77.6ಕ್ಕೆ ಇಳಿದರು, ಹುಡುಗಿಯರು 85.1ರಿಂದ 84.7ಕ್ಕೆ ಬಂದು ಅಲ್ಲೇ ನಿಂತರು. ಜೇಬಿಗೆ ಸ್ಮಾರ್ಟ್‌ಫೋನ್ ಬರುವ ಮುಂಚೆಯೂ ಸ್ಥಿತಿ ಹೀಗೇ ಇತ್ತು. ಎಲ್ಲವನ್ನೂ ಮೊಬೈಲಿನ ತಲೆಗೆ ಕಟ್ಟುವ ವಾದಕ್ಕೆ ಈ ಅಂಕಿಗಳು ಬೆಂಬಲ ಕೊಡುವುದಿಲ್ಲ. ಹುಡುಗ-ಹುಡುಗಿಯರ ನಡುವಿನ ಅಂತರ ಹಿಗ್ಗಿದ್ದು ಹೆಚ್ಚು ಕಾಡಬೇಕಾದ ಸಂಗತಿ.

ಪ್ರಶ್ನಾವಳಿಗಳಲ್ಲಿ ಇನ್ನೊಂದು ಹೆಸರು ಪಿಎಕ್ಯೂ-ಎ. 14ರಿಂದ 19 ವರ್ಷದವರಿಗಾಗಿ ಕೆನಡಾದ ಸಸ್ಕಾಚೆವನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡದ್ದು. ವಾರದ ನೆನಪಿನ ಮೇಲೆ 1ರಿಂದ 5ರವರೆಗೆ ಅಂಕ ಕೊಡುತ್ತದೆ, ನಿಮಿಷ ಕೊಡುವುದಿಲ್ಲ. ಹಾಗಾಗಿ ‘60 ನಿಮಿಷ ಮುಟ್ಟಿದರೇ’ ಎಂಬ ಪ್ರಶ್ನೆಗೆ ಅದರಿಂದ ಉತ್ತರ ಸಿಗದು. ಎರಡು ತರಗತಿಗಳಲ್ಲಿ ಯಾವುದು ಹೆಚ್ಚು ಚುರುಕು ಎಂಬುದಕ್ಕೆ ಸಿಗುತ್ತದೆ. ಅದರ ಆಟಗಳ ಪಟ್ಟಿಯಲ್ಲಿ ಐಸ್ ಹಾಕಿ, ಹಿಮದ ಮೇಲಿನ ಸ್ಕೀಯಿಂಗ್ ಇವೆ. ಅವನ್ನು ತೆಗೆದು ಕಬಡ್ಡಿ, ಖೋ ಖೋ, ಲಗೋರಿ, ವಾಲಿಬಾಲ್, ಕುಂಟೆಬಿಲ್ಲೆ ಸೇರಿಸದೆ ನಮ್ಮ ಮಕ್ಕಳ ಕೈಗೆ ಕೊಟ್ಟರೆ ಅರ್ಧ ಹಾಳೆ ಖಾಲಿ ವಾಪಸು ಬರುತ್ತದೆ.

ಸೊಂಟದ ಪೆಟ್ಟಿಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ

ನೆನಪನ್ನು ನಂಬದವರು ಯಂತ್ರಕ್ಕೆ ಹೋಗುತ್ತಾರೆ. ಆಕ್ಸೆಲೆರೋಮೀಟರ್ ಎಂದರೆ ಬೆಂಕಿಪೊಟ್ಟಣದ ಅಳತೆಯ ಪೆಟ್ಟಿಗೆ, ದೇಹದ ಕುಲುಕಾಟವನ್ನು ಸೆಕೆಂಡಿಗೆ 30 ಸಲವೋ ಹೆಚ್ಚೋ ಬರೆದುಕೊಳ್ಳುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆ 2003–04ರಲ್ಲಿ ಇದನ್ನು ಸೊಂಟಕ್ಕೆ ಕಟ್ಟಿ ನೋಡಿದಾಗ 6–11 ವರ್ಷದವರಲ್ಲಿ ನೂರಕ್ಕೆ 42 ಮಂದಿ 60 ನಿಮಿಷ ಮುಟ್ಟಿದ್ದರು. ಹದಿಹರೆಯದವರಲ್ಲಿ ಬರೀ 8.

ಯಂತ್ರ ಸುಳ್ಳು ಹೇಳುವುದಿಲ್ಲ ಎಂಬುದು ಅರ್ಧ ನಿಜ. ಅದು ಕುಲುಕಾಟ ಮಾತ್ರ ಬರೆಯುತ್ತದೆ. ಯಾವ ಕುಲುಕಾಟ ‘ಬಿರುಸು’ ಎಂದು ತೀರ್ಮಾನಿಸುವವರು ಮನುಷ್ಯರೇ. ಆ ತೀರ್ಮಾನ ಎರಡು ಕಡೆ ಅಡಗಿ ಕೂತಿರುತ್ತದೆ.

ಮೊದಲನೆಯದು ಎಪೋಕ್, ಅಂದರೆ ಎಣಿಕೆಯನ್ನು (ಕುಲುಕಾಟ ಎಷ್ಟು ಜೋರು ಎಂದು ಯಂತ್ರ ಕೊಡುವ ಅಂಕಿ) ಎಷ್ಟು ಸೆಕೆಂಡಿಗೊಮ್ಮೆ ಕೂಡಿಸುವುದು ಎಂಬುದು. ಖೋ ಖೋ ಆಡುವ ಹುಡುಗಿಯನ್ನು ನೆನೆಸಿಕೊಳ್ಳಿ. ‘ಖೋ’ ಬಿದ್ದ ಕೂಡಲೇ ಎದ್ದು 15 ಸೆಕೆಂಡು ಬೆನ್ನಟ್ಟುತ್ತಾಳೆ, ಪೆಟ್ಟಿಗೆಯಲ್ಲಿ 1,500 ಎಣಿಕೆ ಬೀಳುತ್ತದೆ. ಮತ್ತೆ ಕೂತು 45 ಸೆಕೆಂಡು ಕಾಯುತ್ತಾಳೆ, 15 ಸೆಕೆಂಡಿಗೆ 30ರಂತೆ 90 ಎಣಿಕೆ. ಮಕ್ಕಳಿಗೆ ಹೆಚ್ಚು ಬಳಕೆಯಲ್ಲಿರುವ ಗೆರೆಗಳು ಎವೆನ್ಸನ್ ಎಂಬ ಸಂಶೋಧಕಿಯ ತಂಡದವು, ಅವುಗಳ ಪ್ರಕಾರ 15 ಸೆಕೆಂಡಿಗೆ 574 ಎಣಿಕೆ ಮುಟ್ಟಿದರೆ ಮಧ್ಯಮ, 1,003 ಮುಟ್ಟಿದರೆ ತೀವ್ರ. 15 ಸೆಕೆಂಡಿನ ಎಪೋಕ್‌ನಲ್ಲಿ ಆ ಓಟ ತೀವ್ರ ಎಂದೇ ದಾಖಲಾಗುತ್ತದೆ. ಒಂದು ನಿಮಿಷದ ಎಪೋಕ್‌ನಲ್ಲಿ ಒಟ್ಟು 1,590. ನಿಮಿಷಕ್ಕೆ 2,296ರ ಗೆರೆ ಮುಟ್ಟದ ಕಾರಣ ಇಡೀ ನಿಮಿಷ ‘ಹಗುರ’ ಎಂದಾಗುತ್ತದೆ. ಇಂಥ ಓಟ ಒಂದು ಸಂಜೆಯಲ್ಲಿ 40 ಸಲ ನಡೆದರೆ ಒಂದು ಲೆಕ್ಕದಲ್ಲಿ ಅವಳಿಗೆ 10 ನಿಮಿಷ, ಇನ್ನೊಂದರಲ್ಲಿ ಸೊನ್ನೆ. ಮಕ್ಕಳು ಓಡುವುದೇ ಹೀಗೆ ಚೂರುಚೂರಾಗಿ. ಅದಕ್ಕೇ ಹದಿಹರೆಯದವರಿಗೆ 15 ಸೆಕೆಂಡಿಗಿಂತ ಉದ್ದದ ಎಪೋಕ್ ಬೇಡ ಎನ್ನುತ್ತೇವೆ.

ಎರಡನೆಯದು ಗೆರೆ. ಎವೆನ್ಸನ್ ನಿಮಿಷಕ್ಕೆ 2,296 ಎಂದರೆ, ಹದಿಹರೆಯದ ಹುಡುಗಿಯರಿಗಾಗಿ ಟ್ರೂತ್ ಮತ್ತು ಸಂಗಡಿಗರು ಹಾಕಿದ್ದು 3,000, ಪುಯಾವು ತಂಡದ್ದು 3,200. ನಿಮಿಷಕ್ಕೆ 2,600 ಎಣಿಕೆ ಬರುವ ನಡಿಗೆ ಮೊದಲನೆಯದರಲ್ಲಿ ಬಿರುಸು, ಉಳಿದೆರಡರಲ್ಲಿ ಅಲ್ಲ. ಶಾಲೆಗೆ ನಡೆದು ಹೋಗುವ ಮಗುವಿನ ಇಡೀ ನಡಿಗೆ ಈ ಸಂದಿಯಲ್ಲಿ ಬಿದ್ದರೆ ವರದಿಯ ಶೇಕಡಾವಾರು ಬುಡಮೇಲಾಗುತ್ತದೆ. ಮಣಿಕಟ್ಟಿಗೆ ಕಟ್ಟುವ ಯಂತ್ರಕ್ಕೆ ಇವುಗಳಲ್ಲಿ ಯಾವ ಗೆರೆಯೂ ಸಲ್ಲದು. ಅಲ್ಲಿ ಎಣಿಕೆ ಬಿಟ್ಟು ಮಿಲಿ-ಜಿ (ಭೂಮಿಯ ಸೆಳೆತದ ವೇಗೋತ್ಕರ್ಷದ ಸಾವಿರದಲ್ಲೊಂದು ಪಾಲು) ಲೆಕ್ಕ ಹಿಡಿಯುತ್ತಾರೆ, ಮಕ್ಕಳಿಗೆ ಸುಮಾರು 200 ಮಿಲಿ-ಜಿ ಮೇಲೆ ಮಧ್ಯಮ.

ಕಟ್ಟುವಾಗ ಆಗುವ ತಪ್ಪುಗಳು ಹೆಚ್ಚಾಗಿ ಸಣ್ಣವೇ, ಆದರೆ ದುಬಾರಿ. ಪೆಟ್ಟಿಗೆ ಬಲ ಸೊಂಟದ ಮೂಳೆಯ ಮೇಲೆ, ಕಂಕುಳಿನ ನೇರಕ್ಕೆ ಕೂರಬೇಕು. ಎಲಾಸ್ಟಿಕ್ ಪಟ್ಟಿ ಸಡಿಲವಾದರೆ ಪೆಟ್ಟಿಗೆ ತಾನೇ ಕುಣಿದು ಎಣಿಕೆ ಏರಿಸುತ್ತದೆ, ಮಗ್ಗುಲಾಗಿ ತಿರುಗಿದರೆ ಮೇಲೆ-ಕೆಳಗಿನ ಅಲುಗಾಟ ತಪ್ಪಿ ಎಣಿಕೆ ಇಳಿಯುತ್ತದೆ. ಯೂನಿಫಾರ್ಮಿನ ಚೂಡಿದಾರದ ಮೇಲೆ ಕಟ್ಟಿಕೊಳ್ಳಲು ಹುಡುಗಿಯರು ನಾಚುತ್ತಾರೆ, ಟಾಪಿನ ಒಳಗೆ ಕಟ್ಟಿದರೂ ಅಳತೆಗೆ ಏನೂ ಆಗುವುದಿಲ್ಲ ಎಂದು ಮೊದಲ ದಿನವೇ ಶಿಕ್ಷಕಿಯೊಬ್ಬರು ತೋರಿಸಿಕೊಡಬೇಕು. ಸ್ನಾನಕ್ಕೆ, ಈಜಿಗೆ ಬಿಚ್ಚುತ್ತಾರೆ, ಕಬಡ್ಡಿಗೆ ಬಿಚ್ಚಲೇಬೇಕು. ಬಿಚ್ಚಿದ, ಕಟ್ಟಿದ ಹೊತ್ತನ್ನು ಬರೆಯಲು ಒಂದು ಚೀಟಿ ಜೊತೆಗೇ ಕೊಡಬೇಕು. ಪೆಟ್ಟಿಗೆಯ ಸೀರಿಯಲ್ ನಂಬರು ಯಾವ ಮಗುವಿಗೆ ಹೋಯಿತು ಎಂದು ಕೊಡುವ ಕ್ಷಣದಲ್ಲೇ ಬರೆಯಬೇಕು. ಸಂಜೆ ನೆನೆಸಿಕೊಂಡು ಬರೆದ ಪಟ್ಟಿಯಿಂದ ಇಡೀ ತರಗತಿಯ ದತ್ತಾಂಶ ಅದಲುಬದಲಾಗುವುದುಂಟು.

ಮಂಗಳವಾರ ಕೊಟ್ಟು ಮುಂದಿನ ಬುಧವಾರ ವಾಪಸು ಪಡೆಯುವುದು ಒಳ್ಳೆಯ ಕ್ರಮ. ಮೊದಲ ದಿನ ಎಲ್ಲರೂ ಹೊಸ ಪೆಟ್ಟಿಗೆ ಕಟ್ಟಿಕೊಂಡು ಕುಣಿಯುತ್ತಾರೆ, ಅದನ್ನು ಬಿಟ್ಟರೂ ಏಳು ಪೂರ್ತಿ ದಿನ ಉಳಿಯುತ್ತವೆ. ದಿನಕ್ಕೆ 10 ಗಂಟೆ ಧರಿಸಿದ ದಿನಗಳು ಕನಿಷ್ಠ 4, ಅದರಲ್ಲಿ ಒಂದು ರಜಾದಿನ ಇದ್ದರೆ ಆ ಮಗುವಿನ ದಾಖಲೆ ಲೆಕ್ಕಕ್ಕೆ ಎಂಬುದು ಸಾಮಾನ್ಯ ನಿಯಮ. 60 ನಿಮಿಷ ಸತತ ಸೊನ್ನೆ ಬಂದರೆ ಬಿಚ್ಚಿಟ್ಟಿದ್ದಾರೆ ಎಂದು ಹಿಡಿಯುತ್ತಾರೆ. ಕೆಲವರು ಇದನ್ನು 20 ನಿಮಿಷಕ್ಕೆ ಇಳಿಸುತ್ತಾರೆ. ನಮ್ಮ ತರಗತಿಗಳಲ್ಲಿ ಹಾಗೆ ಮಾಡಿದರೆ ಬೆಂಚಿನ ಮೇಲೆ ಅಲುಗಾಡದೆ ಕೂತ ಹೊತ್ತೆಲ್ಲ ‘ಬಿಚ್ಚಿಟ್ಟದ್ದು’ ಎಂದು ಅಳಿಸಿಹೋಗುತ್ತದೆ, ಕೂತೇ ಕಳೆಯುವ ಬದುಕು ಕಡಿಮೆಯಾಗಿ ಕಾಣುತ್ತದೆ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಸೊಂಟದ ಪೆಟ್ಟಿಗೆಗೆ ಸೈಕಲ್ ಕಾಣುವುದಿಲ್ಲ. ತುಳಿಯುವಾಗ ಕಾಲು ತಿರುಗುತ್ತದೆ, ಸೊಂಟ ಸೀಟಿನ ಮೇಲೆ ನಿಶ್ಚಲ. ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ 2006–07ರಲ್ಲೇ ಶುರುವಾದ ರಾಜ್ಯದಲ್ಲಿ ಇದು ಸಣ್ಣ ಕುರುಡಲ್ಲ. ಭಾರವೂ ಕಾಣುವುದಿಲ್ಲ. 10 ಲೀಟರಿನ ತುಂಬಿದ ಕೊಡ ಎಂದರೆ 10 ಕಿಲೋ. ಅದನ್ನು ಹೊತ್ತು ದಿಣ್ಣೆ ಹತ್ತುವ ಹುಡುಗಿಯ ಎದೆ ಹೊಡೆದುಕೊಳ್ಳುತ್ತಿರುತ್ತದೆ, ಹೆಜ್ಜೆ ಮಾತ್ರ ನಿಧಾನ. ಪೆಟ್ಟಿಗೆ ‘ಹಗುರ’ ಎಂದು ಬರೆಯುತ್ತದೆ. ಬಲಸೊಂಟದ ಮೇಲೆ ಕೊಡ ಇಟ್ಟುಕೊಳ್ಳುವವಳಾದರೆ ಪೆಟ್ಟಿಗೆ ಒತ್ತುತ್ತದೆ, ಬಿಚ್ಚಿಟ್ಟೇ ನೀರಿಗೆ ಹೋಗುತ್ತಾಳೆ. ಆಗ ಅಷ್ಟೂ ಹೊತ್ತು ದಾಖಲೆಯಲ್ಲೇ ಇಲ್ಲ. ಅವಳ ದಿನದ ಅತಿ ಕಷ್ಟದ ದುಡಿಮೆ ಅಳತೆಯ ಹೊರಗೆ ಉಳಿಯುತ್ತದೆ. ಇದಕ್ಕೆ ಯಂತ್ರದೊಳಗೆ ಪರಿಹಾರವಿಲ್ಲ. ಪಕ್ಕದಲ್ಲಿ ಬರೆಯುವ ಹಾಳೆ ಇಡಲೇಬೇಕು.

ಮಾರುಕಟ್ಟೆಯ ಸ್ಮಾರ್ಟ್‌ವಾಚುಗಳು ಸಮೀಕ್ಷೆಗೆ ಬೇಡ. ಗೆರೆ ಎಲ್ಲಿದೆ ಎಂದು ಕಂಪನಿ ಹೇಳುವುದಿಲ್ಲ, ಸಾಫ್ಟ್‌ವೇರ್ ಬದಲಾದಾಗ ಗೆರೆಯೂ ಬದಲಾಗಬಹುದು. ಫೋನಿನ ಹೆಜ್ಜೆ ಎಣಿಕೆ ಇನ್ನೂ ದುರ್ಬಲ, ಶಾಲೆಗೆ ಫೋನ್ ತರುವಂತಿಲ್ಲವಾದ್ದರಿಂದ ಶಾಲೆಯ ಹೊತ್ತೆಲ್ಲ ಸೊನ್ನೆ. ಸಾದಾ ಪೆಡೋಮೀಟರ್ ಇದ್ದರೆ ದಿನಕ್ಕೆ 10,000ದಿಂದ 11,700 ಹೆಜ್ಜೆ ಎಂದರೆ ಹದಿಹರೆಯದವರಲ್ಲಿ ಸುಮಾರಾಗಿ 60 ನಿಮಿಷ ಮುಟ್ಟಿದಂತೆ. ಯಾವ ಸಾಧನವೇ ಆಗಲಿ, ತಂದೆತಾಯಿಯ ಲಿಖಿತ ಒಪ್ಪಿಗೆ ಮತ್ತು ಮಗುವಿನ ಸಮ್ಮತಿ ಎರಡೂ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ.

ದುಡ್ಡಿಲ್ಲದ ಶಾಲೆ ಏನು ಮಾಡಬಹುದು

ಫಿಟ್ ಇಂಡಿಯಾ ಪರೀಕ್ಷೆ ನಡೆಸಿ ‘ಚಟುವಟಿಕೆ ಅಳೆದೆವು’ ಎಂದು ಬರೆಯುವ ಶಾಲೆಗಳಿಗೆ ಒಂದು ಮಾತು. 50 ಮೀಟರ್ ಓಟ, 600 ಮೀಟರ್ ಓಟ-ನಡಿಗೆ, ಕೂತು ಮುಂದೆ ಬಾಗುವುದು ಇವೆಲ್ಲ ಮೈಯ ಕ್ಷಮತೆಯನ್ನು ತೋರಿಸುತ್ತವೆ. ಆ ಮಗು ದಿನಾ ಎಷ್ಟು ಆಡುತ್ತದೆ ಎಂಬುದನ್ನಲ್ಲ. ಬೇಗ ಮೈನೆರೆತು ಎತ್ತರವಾದ ಹುಡುಗ ಏನೂ ಆಡದೆಯೂ 50 ಮೀಟರ್‌ನಲ್ಲಿ ಗೆಲ್ಲಬಹುದು.

ಪಿ.ಟಿ. ಪೀರಿಯಡ್ಡನ್ನೇ ಅಳೆಯಬೇಕೆಂದರೆ ಸೋಫಿಟ್ ಎಂಬ ಕ್ರಮ ಇದೆ. 1991ರಲ್ಲಿ ಅಮೆರಿಕದಲ್ಲಿ ರೂಪುಗೊಂಡದ್ದು, ಬೇಕಾದ್ದು ಒಂದು ಹಾಳೆ, ಪೆನ್ಸಿಲ್ಲು, ಹತ್ತು ಸೆಕೆಂಡಿಗೊಮ್ಮೆ ಬೀಪ್ ಎನ್ನುವ ಧ್ವನಿಮುದ್ರಿಕೆ. ನಾಲ್ಕು ಮಕ್ಕಳನ್ನು ಯಾದೃಚ್ಛಿಕವಾಗಿ ಆರಿಸಿ, ಒಬ್ಬರನ್ನು 10 ಸೆಕೆಂಡು ನೋಡಿ, 10 ಸೆಕೆಂಡು ಬರೆಯಬೇಕು: ಮಲಗಿದ್ದರೆ 1, ಕೂತಿದ್ದರೆ 2, ನಿಂತಿದ್ದರೆ 3, ನಡೆಯುತ್ತಿದ್ದರೆ 4, ಅದಕ್ಕೂ ಬಿರುಸಾದರೆ 5. ನಾಲ್ಕು ನಿಮಿಷಕ್ಕೊಮ್ಮೆ ಮುಂದಿನ ಮಗು. 40 ನಿಮಿಷದ ಪೀರಿಯಡ್ಡಿನಲ್ಲಿ 120 ಗುರುತು ಬರುತ್ತವೆ. ಅವುಗಳಲ್ಲಿ 4 ಮತ್ತು 5 ಸೇರಿ 36 ಮಾತ್ರ ಇದ್ದರೆ ಬಿರುಸು ನೂರಕ್ಕೆ 30, ಅಂದರೆ 12 ನಿಮಿಷ. ಅರ್ಧ ಹೊತ್ತಾದರೂ ಬಿರುಸಾಗಿರಲಿ ಎಂಬುದು ಒಪ್ಪಿತ ಗುರಿ. ಉಳಿದ 28 ನಿಮಿಷ ಎಲ್ಲಿ ಹೋಯಿತೆಂದು ಹಾಳೆಯೇ ತೋರಿಸುತ್ತದೆ: ಸಾಲು ನಿಲ್ಲಿಸಿ ಹಾಜರಿ, ಒಂದೇ ಚೆಂಡಿಗೆ ನಲವತ್ತು ಮಂದಿ, ಬದಿಗೆ ಕೂತ ಹುಡುಗಿಯರು. ಇಬ್ಬರು ಒಂದೇ ಮಗುವನ್ನು ಬೇರೆಬೇರೆಯಾಗಿ ಬರೆದು ಹತ್ತರಲ್ಲಿ ಎಂಟು ಗುರುತಾದರೂ ಹೊಂದುವವರೆಗೆ ಅಭ್ಯಾಸ ಮಾಡದೆ ಶುರು ಮಾಡಬಾರದು.

ಶಾಲೆಯ ಹೊರಗಿನ ಹೊತ್ತಿಗೆ ಹಿಂದಿನ ದಿನದ ಹಾಳೆ ಒಳ್ಳೆಯದು. ಮಧ್ಯಾಹ್ನ 3ರಿಂದ ರಾತ್ರಿ 11:30ರವರೆಗೆ ಅರ್ಧರ್ಧ ಗಂಟೆಯ 17 ಮನೆ. ಒಂದೊಂದರಲ್ಲೂ ಏನು ಮಾಡಿದೆ, ಉಸಿರು ಎಷ್ಟು ಏರಿತ್ತು. ಈ ಹಾಳೆಯ ಮೂಲ ಕ್ರಮದಲ್ಲಿ ಅರ್ಧಗಂಟೆಯಲ್ಲಿ ಮುಖ್ಯವಾಗಿ ಮಾಡಿದ್ದಕ್ಕೆ ಇಡೀ ಮನೆಯನ್ನೇ ಕೊಡುತ್ತಾರೆ, ಎಡವುವುದು ಅಲ್ಲೇ. ಒಂದು ಮಾದರಿ ನೋಡಿ: 4:30ರ ಮನೆಯಲ್ಲಿ ಶಾಲೆಯಿಂದ ನಡಿಗೆ, ಬಿರುಸು 25 ನಿಮಿಷ. 5ರ ಮನೆಯಲ್ಲಿ ಕಾಫಿ, ಟಿವಿ. 5:30ರಲ್ಲಿ ಬೋರ್‌ವೆಲ್ಲಿನಿಂದ ನಾಲ್ಕು ಕೊಡ ನೀರು, 15 ನಿಮಿಷ. 6ರಲ್ಲಿ ಅಂಗಳ ಗುಡಿಸಿ ಎಮ್ಮೆಗೆ ಹುಲ್ಲು, 10 ನಿಮಿಷ. ಮನೆ ಎಣಿಸಿದರೆ 90 ನಿಮಿಷ, ನಿಮಿಷ ಕೇಳಿ ಕೂಡಿಸಿದರೆ 50. ಹಾಗಾಗಿ ನಿಮಿಷಕ್ಕೆ ಒಂದು ಅಂಕಣ ಹೆಚ್ಚು ಹಾಕಿ. ‘ಆಟ’ ಎಂದಾಗಲಿ ‘ವ್ಯಾಯಾಮ’ ಎಂದಾಗಲಿ ತಲೆಬರಹ ಬೇಡ, ‘ನಿನ್ನೆ ಸಂಜೆ’ ಎಂದರೆ ಸಾಕು. ಶಾಲೆಯ ಗಂಟೆ, ದೀಪ ಹಚ್ಚಿದ ಹೊತ್ತು, ಊಟ ಇವನ್ನು ಮೊದಲು ತುಂಬಿಸಿ, ಉಳಿದದ್ದು ಅವುಗಳ ಆಚೀಚೆ ನೆನಪಾಗುತ್ತದೆ. ಸೋಮವಾರ ಒಮ್ಮೆ, ವಾರದ ನಡುವೆ ಎರಡು ಸಲ ತುಂಬಿಸಿದರೆ ಭಾನುವಾರವೂ ಸಿಗುತ್ತದೆ. ಮೇಷ್ಟ್ರು ಹಾಳೆ ನೋಡಿ ಅಂಕ ಕೊಡುತ್ತಾರೆ ಎಂದು ಮಕ್ಕಳಿಗೆ ಅನ್ನಿಸಿದರೆ ಎಲ್ಲರೂ ಓಟಗಾರರಾಗುತ್ತಾರೆ. ಹೆಸರು ಬೇಡ, ಕ್ರಮಸಂಖ್ಯೆ ಸಾಕು.

ವರದಿ ಬರೆಯುವಾಗ ಶೇಕಡಾವಾರಿನ ಪಕ್ಕದಲ್ಲೇ ಯಾವ ಪ್ರಶ್ನೆ ಅಥವಾ ಯಂತ್ರ, ಎಷ್ಟು ಸೆಕೆಂಡಿನ ಎಪೋಕ್, ಯಾರ ಗೆರೆ, ಎಷ್ಟು ಮಕ್ಕಳ ದಾಖಲೆ ಬಿಟ್ಟುಹೋಯಿತು, ಪ್ರತಿದಿನವೋ ಸರಾಸರಿಯೋ ಎಂಬುದು ಇರಬೇಕು. ತಿಂಗಳೂ ಇರಬೇಕು. ಮಲೆನಾಡಿನಲ್ಲಿ ಜುಲೈ ಎಂದರೆ ಮೈದಾನದ ತುಂಬ ನೀರು. ಹತ್ತನೇ ತರಗತಿಯವರಿಗೆ ಫೆಬ್ರವರಿ ಎಂದರೆ ಆಟದ ಪೀರಿಯಡ್ಡು ಗಣಿತಕ್ಕೆ ಹೋಗುವ ಕಾಲ. ಈ ವರ್ಷ ನವೆಂಬರ್‌ನಲ್ಲಿ ಅಳೆದವರು ಮುಂದಿನ ಸಲವೂ ನವೆಂಬರ್‌ನಲ್ಲೇ, ಅದೇ ಹಾಳೆಯಲ್ಲೇ, ಅದೇ ತರಗತಿಯಲ್ಲೇ ಅಳೆಯಲಿ.